ಟೀಚರ್ ಮಗಳು, ಕೊನೆಯ ಬೆಂಚು

ಒಂಬತ್ತನೇ ತರಗತಿಯ ಬಿ ವಿಭಾಗಕ್ಕೆ ನಾಮಪದ ಕಲಿಸುವುದಕ್ಕಿಂತ ಕೋಳಿಗೆ ಈಜು ಕಲಿಸುವುದು ವಾಸಿ ಎಂದು ವ್ಯಾಕರಣದ ಟೀಚರಮ್ಮ ತೀರ್ಮಾನಿಸಿಬಿಟ್ಟಿದ್ದರು. ಹೇಳಿ ಹೇಳಿ ಬಾಯಿ ಒಣಗಿತ್ತು, ಬರೆದು ಬರೆದು ಬಟ್ಟೆಯೆಲ್ಲ ಸೀಮೆಸುಣ್ಣವಾಗಿತ್ತು. ಪರೀಕ್ಷೆಯಲ್ಲೇನೋ ಹೇಗೋ ಬರೆದು ಪಾರಾಗುತ್ತಿದ್ದ ಈ ಮಹಾನುಭಾವರು, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮಾತ್ರ ಒಟ್ಟಾಗಿ ಕಿಟಕಿಯ ಕಡೆ ತಿರುಗುತ್ತಿದ್ದರು. ಕಿಟಕಿಯಾಚೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ ಬಿಟ್ಟರೆ ಬೇರೇನೂ ಇರಲಿಲ್ಲ.

“ಇನ್ನೊಂದ್ ಸಲ ಹೇಳ್ತೀನಿ, ಕಿವಿ ಬಿಚ್ಚಿ ಕೇಳ್ರೋ. ಹುಡುಗ, ನದಿ, ಊರು, ಕತ್ತೆ. ಇವು ಹಿಂದಿನಿಂದ ರೂಢಿಯಾಗಿ ಬಂದಿರೋ ಹೆಸರು. ಯಾವ ಹುಡುಗ, ಯಾವ ಕತ್ತೆ ಅಂತ ಗೊತ್ತಾಗಲ್ಲ. ಅದು ರೂಢನಾಮ. ಗುರುತಿಗೆ ಇರ್ಲಿ ಅಂತ ನಿಮ್ಮಪ್ಪ ಅಮ್ಮ ಇಟ್ಟಿದಾರಲ್ಲ, ಹಾಜರಿ ಕೂಗಿದಾಗ ನಿದ್ದೆಯಿಂದ ಎದ್ದು ‘ಎಸ್ ಟೀಚರ್’ ಅಂತೀರಲ್ಲ, ಅದು ಅಂಕಿತನಾಮ. ಮಾಡೋ ಕೆಲಸ, ಇರೋ ಗುಣ ನೋಡಿ ಬರೋದು ಅನ್ವರ್ಥನಾಮ. ವೈದ್ಯ, ವ್ಯಾಪಾರಿ, ಜಾಣ, ಸೋಮಾರಿ. ಸೋಮಾರಿಗೆ ಉದಾಹರಣೆ ಬೇಕಿದ್ರೆ ಪಕ್ಕದಲ್ಲಿ ಕೂತಿರೋರನ್ನ ನೋಡ್ಕೊಳ್ಳಿ.”

ಆ ವರ್ಷ ಬಿ ವಿಭಾಗ ಟೀಚರಮ್ಮನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ. ಎಲ್ಲರೂ ಪಕ್ಕದವರನ್ನು ನೋಡಿಕೊಂಡರು.

“ಹೇಳ್ರಪ್ಪ ಈಗ. ವೈದ್ಯ ಅನ್ನೋದು...”

“ಅಂಕಿತನಾಮ ಟೀಚರ್!” ಎಂದ ಬುಲೆಟ್. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹಾರಿಸುವುದಕ್ಕೆ ಗೆಳೆಯರು ಅವನಿಗೆ ಇಟ್ಟಿದ್ದ ಹೆಸರು ಅದು.

“ಹೆಂಗೋ?”

“ನಮ್ಮ ಬೀದಿ ಡಾಕ್ಟರ್ ಹೆಸರು ದೊಡ್ಡದಾಗಿ ಬೋರ್ಡ್ ಮೇಲಿದೆ ಟೀಚರ್.”

“ಅಯ್ಯೋ ನನ್ನ ಕರ್ಮವೇ!” ಟೀಚರಮ್ಮ ಹಣೆ ಚಚ್ಚಿಕೊಂಡರು. ಹಣೆಗೂ ಸೀಮೆಸುಣ್ಣ ಹತ್ತಿತು. ಅದೇ ಹೊತ್ತಿಗೆ ಪಕ್ಕದ ಎ ವಿಭಾಗದಿಂದ ಚಪ್ಪಾಳೆ ಶುರುವಾಯಿತು. ಎರಡು ತರಗತಿಗಳ ನಡುವೆ ಇದ್ದದ್ದು ಹಲಗೆಯ ಅಡ್ಡಗೋಡೆ. ಆಚೆಯ ಹಾಡಿನ ಮೇಷ್ಟ್ರು ವ್ಯಾಕರಣವನ್ನೆಲ್ಲ ತಾಳ ಹಾಕಿ ಹಾಡಿಸುತ್ತಿದ್ದರು. ಹಾಡಿಸಿದರೆ ವ್ಯಾಕರಣ ಬಂದುಬಿಡುತ್ತದೆಯೇ? ಹಾಗಾದರೆ ಗಂಟಲಿದ್ದವರೆಲ್ಲ ಪಂಡಿತರೇ! ಟೀಚರಮ್ಮನಿಗೆ ಆ ಚಪ್ಪಾಳೆ ಕೇಳಿದರೆ ಮೈ ಉರಿಯುತ್ತಿತ್ತು. ಆ ಉರಿ ಎಲ್ಲ ಕೊನೆಗೆ ಒಂದೇ ಕಡೆ ಹೋಗಿ ಬೀಳುತ್ತಿತ್ತು.

“ಏ, ಕೊನೇ ಬೆಂಚು! ಏಳು. ನೀನು ಹೇಳು.”

ಕೊನೆಯ ಬೆಂಚಿನ ಗೋಡೆಯ ತುದಿಯಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತಳು. ತಲೆ ಕೆಳಗೆ, ಕೈಗಳು ಬೆನ್ನ ಹಿಂದೆ. ಬಾಯಿಗೆ ಬೀಗ.

“ವೈದ್ಯ ಯಾವ ನಾಮ?”

ಹುಡುಗಿ ಕಾಲ್ಬೆರಳಿನಿಂದ ನೆಲ ಗೀರಿದಳು.

“ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾಯ್ತು ನನ್ನ ಬಾಳು! ಮನೇಲಿ ಟಿವಿ ಮುಂದೆ ಕೂತ್ರೆ ವಟವಟ ಅಂತೀಯ, ಇಲ್ಲಿ ಏನಾಗುತ್ತೆ ನಾಲಿಗೆಗೆ?”

ಮನೆಯ ಸಂಗತಿ ಟೀಚರಮ್ಮನಿಗೆ ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಆ ಹುಡುಗಿ ಅವರ ಮಗಳು. ಒಬ್ಬಳೇ ಮಗಳು, ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು.

ವರ್ಷದ ಮೊದಲ ದಿನ ಗುಬ್ಬಿಯ ಹೆಸರು ಬಿ ವಿಭಾಗದ ಹಾಜರಿಯಲ್ಲಿ ಕಂಡಾಗಲೇ ಟೀಚರಮ್ಮ ಅಡುಗೆಮನೆಯಲ್ಲಿ ನಿಂತು ಕಾನೂನು ಮಾಡಿದ್ದರು. ಶಾಲೆಯ ಗೇಟು ದಾಟಿದ ಮೇಲೆ ಅಮ್ಮ ಅನ್ನಕೂಡದು, ಎಲ್ಲರ ಹಾಗೆ ಟೀಚರ್ ಅನ್ನಬೇಕು. ಮುಂದಿನ ಬೆಂಚಿನಲ್ಲಿ ಕೂರಕೂಡದು. ಮನೆಯಲ್ಲಿ ವ್ಯಾಕರಣದ ಸುದ್ದಿ ಎತ್ತಕೂಡದು, ಬೇರೆ ಮಕ್ಕಳಿಗಿಲ್ಲದ ಟ್ಯೂಷನ್ ಇವಳಿಗೇಕೆ? ಪಕ್ಷಪಾತ ಎಂಬ ಮಾತು ಬರಬಾರದು, ಅಷ್ಟೆ. ಮಾತು ಬರಲಿಲ್ಲ, ನಿಜ. ಆದರೆ ಪಕ್ಷಪಾತ ಬಾರದಿರಲಿ ಎಂದು ಟೀಚರಮ್ಮ ದಿನಾ ಮೊದಲ ಪ್ರಶ್ನೆ ಮಗಳಿಗೇ ಕೇಳುತ್ತಿದ್ದರು, ಮೊದಲ ಬೈಗುಳ ಮಗಳಿಗೇ ಬಯ್ಯುತ್ತಿದ್ದರು. ಉಳಿದವರು ಅವಳ ನೆರಳಲ್ಲಿ ತಣ್ಣಗೆ ಕೂತಿರುತ್ತಿದ್ದರು.

ಅವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಟೀಚರಮ್ಮ ಚಹಾದ ಲೋಟ ಬಾಯಿಗಿಡುವಷ್ಟರಲ್ಲಿ ಹೆಡ್ ಮೇಡಂ ಬಾಗಿಲಲ್ಲಿ ಪ್ರತ್ಯಕ್ಷರಾದರು.

“ನಿಮ್ಮ ಮಗಳು ಬೆಳಿಗ್ಗೆ ನನ್ನ ರೂಮಿಗೆ ಬಂದಿದ್ಲು.”

“ಏನ್ ಮಾಡಿದ್ಲು ಮೇಡಂ?”

“ಏನೂ ಮಾಡಿಲ್ಲ. ಎ ವಿಭಾಗದಲ್ಲಿ ಒಂದು ಜಾಗ ಖಾಲಿ ಆಗಿದೆಯಲ್ಲ, ತನ್ನನ್ನ ಅಲ್ಲಿಗೆ ಹಾಕಿ ಅಂತ ಕೇಳಿದ್ಲು. ಶನಿವಾರದೊಳಗೆ ತಾಯಿ ಒಪ್ಪಿಗೆ ಬೇಕು ಅಂದೆ. ನೀವು ಹ್ಞೂಂ ಅಂದ್ರೆ ಸೋಮವಾರದಿಂದಲೇ ಆಗುತ್ತೆ.”

ಸ್ಟಾಫ್ ರೂಮಿನಲ್ಲಿ ಕಾಗದ ತಿದ್ದುತ್ತಿದ್ದ ಪೆನ್ನುಗಳೆಲ್ಲ ನಿಂತವು. ಹಾಡಿನ ಮೇಷ್ಟ್ರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವರು ಎತ್ತಲು ಮರೆತು, ಅದು ಲೋಟದ ತಳ ಸೇರಿತು.

“ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದರು ಅವರು, ಚಮಚದಿಂದ ಬಿಸ್ಕತ್ತು ಹುಡುಕುತ್ತ. “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗೆ. ನನ್ನ ಮಗ ನನ್ನ ಹಾಡು ಕೇಳಿದ್ರೆ ಕಿವಿ ಮುಚ್ಕೋತಾನೆ.”

ಸಮಾಧಾನಕ್ಕೆ ಹೇಳಿದ ಮಾತೇ ಅದು. ಆದರೆ ಟೀಚರಮ್ಮನಿಗೆ ಗಾಯಕ್ಕೆ ಉಪ್ಪು ಸವರಿದಂತಾಯಿತು. ಹತ್ತಾರು ವರ್ಷ ಕಲಿಸಿದ ಕೈ! ಎಲ್ಲಿ ಹೋದರೂ ‘ನಿಮ್ಮ ಸ್ಟೂಡೆಂಟ್ ಟೀಚರ್’ ಎಂದು ಅಡ್ಡಬರುವ ಗುಮಾಸ್ತರು, ನರ್ಸುಗಳು, ಅಂಗಡಿಯವರು. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ತಾಯಿಯ ಪಾಠ ಬೇಡ, ತಾಳದ ಪಾಠ ಬೇಕು. ಅದನ್ನು ತಾಯಿಗೆ ಹೇಳದೆ ನೇರ ಹೆಡ್ ಮೇಡಂ ಹತ್ತಿರ ಹೋಗಿದ್ದಾಳೆ. ಚಹಾ ತಣ್ಣಗಾಯಿತು, ಟೀಚರಮ್ಮ ಕುಡಿಯಲಿಲ್ಲ.

ಸಂಜೆ ಮನೆಯ ಬಾಗಿಲು ಹಾಕಿದ್ದೇ ತಡ, ಕಟ್ಟೆ ಒಡೆಯಿತು.

“ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದೆಯಲ್ಲೇ! ಎಲ್ಲರ ಮುಂದೆ ನನ್ನ ತಲೆ ತಗ್ಗಿಸ್ದೆ. ಏನ್ ಕಮ್ಮಿ ಮಾಡಿದೀನಿ ನಿಂಗೆ?”

ಗುಬ್ಬಿ ಬ್ಯಾಗು ಇಳಿಸಿ ಮೂಲೆಯಲ್ಲಿಟ್ಟಳು. “ಏನೂ ಕಮ್ಮಿ ಮಾಡಿಲ್ಲ ಅಮ್ಮ. ಆ ಕ್ಲಾಸಲ್ಲಿ ನಂಗೆ ಬಾಯೇ ಬರಲ್ಲ.”

“ಬಾಯಿ ಬರಲ್ವಂತೆ! ಇಲ್ಲಿ ಬರ್ತಿದೆಯಲ್ಲ?”

“ಇದು ಮನೆ.”

“ನನ್ನ ಕ್ಲಾಸ್ ಬಿಟ್ಟು ಆ ಚಪ್ಪಾಳೆ ಮೇಷ್ಟ್ರ ಕ್ಲಾಸಿಗೆ ನನ್ನ ಮಗಳು ಹೋಗೋದು ನಾನು ಬದುಕಿರೋ ತನಕ ಆಗಲ್ಲ. ತಿಳೀತಾ?”

ಲೈನ್‌ಮನ್ ಕೆಲಸದ ಗಂಡ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದ. ದಿನವೆಲ್ಲ ಕಂಬ ಹತ್ತಿ ಬಂದವನು, ಮನೆಯಲ್ಲಿ ಯಾವ ತಂತಿಯನ್ನೂ ಮುಟ್ಟಲು ಅವನಿಗೆ ಇಷ್ಟವಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಊರ ಮಕ್ಕಳ ತಪ್ಪನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡು ಹೇಳ್ಕೊಡ್ತೀಯ, ಇವಳಿಗೆ ಮಾತ್ರ ಬೆಂಕಿ ಉಗುಳ್ತೀಯ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಹೇಳಿಲ್ಲ ಹಿರಿಯರು.”

“ನೀವೊಬ್ರು ಬಾಕಿ ಇದ್ರಿ! ಹೇಳಿ, ಹೇಳಿ. ಮನೇಲೂ ಮಾರಿ, ಶಾಲೇಲೂ ಮಾರಿ ನಾನು.”

“ಶಾಲೇಲಿ ಹಂಗೆ ಅನ್ನಲ್ಲ ಅಪ್ಪ,” ಎಂದಳು ಗುಬ್ಬಿ ಮೆಲ್ಲಗೆ. “ಪ್ರತ್ಯಯ ಟೀಚರ್ ಅಂತಾರೆ. ಪದದ ಹಿಂದೆ ಪ್ರತ್ಯಯ ಬರೋ ಹಂಗೆ ಎಲ್ಲರ ಹಿಂದೇನೂ ಬರ್ತಾರೆ ಅಂತ.”

ಗಂಡ ಬೂಟಿನ ಲೇಸಿನ ಕಡೆ ಬಾಗಿ ನಗು ನುಂಗಿದ. ಟೀಚರಮ್ಮನಿಗೂ ಬಾಯಿಯ ಅಂಚಿನಲ್ಲಿ ಏನೋ ಬಂದಿತ್ತು, ಆದರೆ ಕೋಪ ಅದನ್ನು ಅಲ್ಲೇ ಅದುಮಿತು. ಮರುದಿನ ಶುಕ್ರವಾರವೂ ಹಾಗೆಯೇ ಮುಖ ಊದಿಸಿಕೊಂಡು ಶಾಲೆಗೆ ಹೋದರು.

ಶುಕ್ರವಾರ ಭಾವನಾಮ. ಬಿಳಿಯದು ಎಂಬುದರ ಭಾವ ಬಿಳುಪು, ನೋಡುವುದರ ಭಾವ ನೋಟ, ಹಿರಿದರ ಭಾವ ಹಿರಿಮೆ. ಬುಲೆಟ್ ಎದ್ದು ‘ಬೆಂಚಿನ ಭಾವ ಬೆಂಚುಮೆ’ ಎಂದ. ತರಗತಿ ಘೊಳ್ಳೆಂದಿತು. ಟೀಚರಮ್ಮನ ತಾಳ್ಮೆಯ ಕೊನೆಯ ಎಳೆ ಕಿತ್ತಿತು. ಎಂದಿನಂತೆ ಅದು ಕಿತ್ತುಹೋಗಿ ಬಿದ್ದದ್ದು ಬುಲೆಟ್‌ನ ಮೇಲಲ್ಲ.

“ಕೊನೇ ಬೆಂಚು! ನಗ್ತೀಯಾ? ಏಳು! ಮೂರು ಭಾವನಾಮ ಹೇಳು.”

ಗುಬ್ಬಿ ನಕ್ಕಿರಲಿಲ್ಲ. ಅದು ಟೀಚರಮ್ಮನಿಗೂ ಗೊತ್ತಿತ್ತು. ಹುಡುಗಿ ಎದ್ದು ನಿಂತು ಬಾಯಿ ತೆರೆದಳು, ಮುಂದಿನ ನಲವತ್ತು ತಲೆಗಳು ತನ್ನತ್ತ ತಿರುಗಿದ್ದನ್ನು ನೋಡಿದಳು, ಬಾಯಿ ಮುಚ್ಚಿದಳು.

“ಹೊರಗೆ ನಡಿ. ಎ ವಿಭಾಗಕ್ಕೆ ಹೋಗ್ಬೇಕು ಅಲ್ವಾ? ವರಾಂಡದಲ್ಲಿ ನಿಂತ್ಕೊ, ಅರ್ಧ ದಾರಿ ಆಯ್ತು.”

ಗುಬ್ಬಿ ಹೊರಗೆ ಹೋಗಿ ವರಾಂಡದ ಗಿಡ್ಡ ಗೋಡೆಯ ಮೇಲೆ, ಸೈಕಲ್ ಚಪ್ಪರಕ್ಕೆ ಬೆನ್ನು ಮಾಡಿ ಕೂತಳು. ಗಂಟೆ ಹೊಡೆಯಿತು. ಎರಡೂ ವಿಭಾಗದ ಮಕ್ಕಳು ಒಟ್ಟಿಗೆ ಹೊರಗೆ ನುಗ್ಗಿದ ರಭಸಕ್ಕೆ ಯಾರದೋ ಬ್ಯಾಗು ಅವಳ ಭುಜಕ್ಕೆ ಬಡಿದು ಹುಡುಗಿ ಹಿಂದಕ್ಕೆ, ಸೈಕಲ್‌ಗಳ ಮೇಲೆ, ಬಿದ್ದಳು. ಟೀಚರಮ್ಮನಿಗೆ ಮೊದಲು ಕೇಳಿದ್ದು ಸಾಲಾಗಿ ಉರುಳಿದ ಸೈಕಲ್‌ಗಳ ಸದ್ದು. ಅದಾದ ಮೇಲೆ, “ಟೀಚರ್! ಟೀಚರ್!”

ಆ ದನಿ ಯಾರದೆಂದು ತಿಳಿಯಲು ಅವರು ಹೊರಗೆ ಬರಬೇಕಾಯಿತು.

ಶಾಲೆಯ ಎದುರು ಬೀದಿಯಲ್ಲೇ ಇದ್ದ ಕ್ಲಿನಿಕ್ಕಿಗೆ ಟೀಚರಮ್ಮ ಮಗಳನ್ನು ಕರೆದೊಯ್ದರು. ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಗುಬ್ಬಿಯ ಬ್ಯಾಗು ಹೊತ್ತು, ಬುಲೆಟ್ ಅವಳ ಚಪ್ಪಲಿ ಹಿಡಿದು ಹಿಂದೆ ಬಂದರು. ಮಣಿಕಟ್ಟು ಊದಿಕೊಂಡಿತ್ತು. ಗುಬ್ಬಿ ತುಟಿ ಕಚ್ಚಿ ಅಳು ತಡೆದಿದ್ದಳು. ಟೀಚರಮ್ಮ ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದರು. ಗೋಡೆಯ ಮೇಲೆ ಯಾರು ಕೂರಲು ಹೇಳಿದ್ದು, ನಿಂತುಕೋ ಎಂದರೆ ಕೂರುವುದೇಕೆ, ಈ ಮಕ್ಕಳಿಗೆ ಕಣ್ಣು ಎಲ್ಲಿರುತ್ತದೆ. ಗೊಣಗಾಟ ನಿಲ್ಲಿಸಿದರೆ ತಾನೇ ಅತ್ತುಬಿಡುತ್ತೇನೆ ಎಂಬ ಹೆದರಿಕೆ ಅವರಿಗೆ.

ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಸಣ್ಣ ಬಿರುಕು. ಪ್ಲಾಸ್ಟರ್ ಹಾಕ್ಬೇಕು. ಇವರು ಯಾರು ಮರಿ ನಿಂಗೆ?”

“ನಮ್ಮ ಟೀಚರ್,” ಎಂದಳು ಗುಬ್ಬಿ.

“ಒಳ್ಳೇದಾಯ್ತು ಕರ್ಕೊಂಡು ಬಂದಿದ್ದು. ಆದ್ರೆ ಟೀಚರ್ ಒಪ್ಪಿಗೆ ಆಗಲ್ಲ. ಅಪ್ಪನೋ ಅಮ್ಮನೋ ಬರ್ಬೇಕು. ಅಮ್ಮಂಗೆ ಫೋನ್ ಮಾಡಿಸಿ.”

“ನಾನೇ ಇವಳ ಅಮ್ಮ,” ಎಂದರು ಟೀಚರಮ್ಮ.

ಡಾಕ್ಟರಮ್ಮ ಒಮ್ಮೆ ಇವರನ್ನು, ಒಮ್ಮೆ ಹುಡುಗಿಯನ್ನು ನೋಡಿದರು. ಎಷ್ಟು ಜನ ಏನೇನು ಹೇಳಿ ಸಹಿ ಹಾಕಿ ಹೋಗುವುದನ್ನು ನೋಡಿದ್ದರೋ ಏನೋ. “ಹೌದಾ ಮರಿ? ಇವರು ನಿಮ್ಮಮ್ಮನಾ?”

ಗುಬ್ಬಿ ಬಾಗಿಲ ಬಳಿ ನಿಂತಿದ್ದ ಬುಲೆಟ್‌ನನ್ನು ನೋಡಿದಳು. ಕನ್ನಡಕದ ಹುಡುಗಿಯನ್ನು ನೋಡಿದಳು. ಕೊನೆಗೆ ಟೀಚರಮ್ಮನ ಮುಖ ನೋಡಿ, ಪಿಸುದನಿಯಲ್ಲಿ ಕೇಳಿದಳು:

“ಹೇಳ್ಲಾ ಟೀಚರ್?”

ಟೀಚರಮ್ಮ ಮಗಳ ಊದಿದ ಮಣಿಕಟ್ಟು ನೋಡಿದರು. ಕೈ ಮುರಿದುಕೊಂಡು ಕೂತಿರುವ ಮಗು, ತಾಯಿಯನ್ನು ತಾಯಿ ಎನ್ನಲು ಅಪ್ಪಣೆ ಕೇಳುತ್ತಿದೆ. ಥೂ, ಇದೂ ಒಂದು ಕಾನೂನೇ? ಇಂಥ ಕಾನೂನು ಮಾಡಿದ ಬಾಯಿಗೆ ಮಣ್ಣು ಹಾಕ!

“ಹೇಳೇ ಕತ್ತೆ,” ಎಂದರು. “ಜೋರಾಗಿ ಹೇಳು.”

“ಅಮ್ಮ,” ಎಂದಳು ಗುಬ್ಬಿ. ಅಷ್ಟು ಹೊತ್ತು ತಡೆದಿದ್ದ ಅಳು ಅದರ ಹಿಂದೆಯೇ ಬಂತು. ಇನ್ನು ಡಾಕ್ಟರಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ಸಂಜೆ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದ ಮಗಳ ಪಕ್ಕ ಟೀಚರಮ್ಮ ಕೂತರು. ಊಟವನ್ನು ತಾವೇ ಕಲಸಿ ತಿನ್ನಿಸಿದ್ದರು. ತಟ್ಟೆ ತೊಳೆಯಲು ಎದ್ದವರು ಮತ್ತೆ ಕೂತರು.

“ಎ ವಿಭಾಗಕ್ಕೆ ಹೋಗ್ಲೇಬೇಕಾ?”

“ಹ್ಞೂಂ.”

“ನಾನು ಇನ್ಮೇಲೆ ಬಯ್ಯಲ್ಲ.”

“ಬಯ್ತೀಯ,” ಎಂದಳು ಗುಬ್ಬಿ. ಕೋಪವಿಲ್ಲದೆ, ನಾಳೆ ಬೆಳಗಾಗುತ್ತೆ ಎನ್ನುವವರ ಹಾಗೆ. “ನಿಂಗೇ ಗೊತ್ತಾಗಲ್ಲ ಅಮ್ಮ.”

ಟೀಚರಮ್ಮನಿಗೆ ಬಾಯಿತುಂಬ ಉತ್ತರ ಇತ್ತು. ನಿನ್ನ ಒಳ್ಳೆಯದಕ್ಕೇ ಅಲ್ಲವೇ, ಅಲ್ಲಿಗೆ ಹೋದರೆ ಹಾಡು ಬರುತ್ತದೆ, ವ್ಯಾಕರಣ ಬರುತ್ತದೆಯೇ, ಹೋದರೆ ಹೋಗು, ಸೊನ್ನೆ ತೆಗೆದುಕೊಂಡು ಬಾ. ಒಂದೂ ಆಡಲಿಲ್ಲ. ಆಡಿದ್ದರೆ ಮಗಳ ಮಾತು ಅಲ್ಲೇ ನಿಜವಾಗಿಬಿಡುತ್ತಿತ್ತು. ಶನಿವಾರ ಬೆಳಿಗ್ಗೆ ಹೆಡ್ ಮೇಡಂ ಕೋಣೆಯ ಬಾಗಿಲಲ್ಲೇ ನಿಂತು, “ಹಾಕ್ಕೊಳ್ಳಿ ಮೇಡಂ, ಎ ವಿಭಾಗಕ್ಕೇ ಹಾಕ್ಕೊಳ್ಳಿ” ಎಂದು ಬಂದರು. ಒಳಗೆ ಹೋಗಿ ಕೂತು ಹೇಳುವಷ್ಟು ಸಹನೆ ಅವರಲ್ಲಿ ಉಳಿದಿರಲಿಲ್ಲ.

ಸೋಮವಾರ ಟೀಚರಮ್ಮ ಬಿ ವಿಭಾಗಕ್ಕೆ ಕಾಲಿಟ್ಟಾಗ ತರಗತಿ ಮೊದಲ ಸಲ ಗಪ್‌ಚಿಪ್ಪಾಗಿತ್ತು. ಕೊನೆಯ ಬೆಂಚಿನ ಗೋಡೆಯ ತುದಿ ಖಾಲಿ. ಟೀಚರಮ್ಮ ಬೋರ್ಡಿನ ಮೇಲೆ ‘ನಾಮಪದದ ಬಗೆಗಳು’ ಎಂದು ಬರೆದು ತಿರುಗಿದರು.

“ಎಲ್ಲ ಮತ್ತೆ ಮೊದಲಿಂದ. ಹತ್ತು, ಹತ್ತನೆಯ. ಇದರಲ್ಲಿ ಸಂಖ್ಯಾವಾಚಕ ಯಾವುದು, ಸಂಖ್ಯೇಯವಾಚಕ ಯಾವುದು?”

ಎಲ್ಲರೂ ಕಿಟಕಿಯ ಕಡೆ ನೋಡಿದರು.

“ಬುಲೆಟ್, ನೀನು ಹೇಳಪ್ಪ.”

ಬುಲೆಟ್ ಎದ್ದು ನಿಂತ. ಗುಂಡು ಹಾರಲಿಲ್ಲ. ಇಷ್ಟು ದಿನ ತಪ್ಪು ಹೇಳಿದರೂ ಪೆಟ್ಟು ಬೇರೆ ಕಡೆ ಬೀಳುತ್ತದೆಂಬ ಧೈರ್ಯವಿತ್ತು, ಇಂದು ಆ ಜಾಗವೇ ಖಾಲಿ. ಟೀಚರಮ್ಮನಿಗೆ ಪಿತ್ತ ನೆತ್ತಿಗೇರಿತು.

“ಏ, ಕೊನೇ...” ಎಂದು ಕೈ ಎತ್ತಿದವರು ಅಲ್ಲೇ ನಿಂತರು.

ಕೈ ಖಾಲಿ ಬೆಂಚನ್ನು ತೋರಿಸುತ್ತಿತ್ತು. ಮಕ್ಕಳೆಲ್ಲ ಆ ಕೈಯನ್ನು ನೋಡುತ್ತಿದ್ದರು. ಟೀಚರಮ್ಮ ಕೈ ಇಳಿಸಿದರು. ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟರು.

ಆಗ ಹಲಗೆಯ ಆಚೆಯ ಹಾಡು ನಿಂತಿತು. ಮೇಷ್ಟ್ರು ಏನೋ ಕೇಳಿದರು. ಒಂದು ಹುಡುಗಿಯ ದನಿ ಎದ್ದಿತು.

“ಎಣಿಸಿ ಲೆಕ್ಕ ಹೇಳಿದ್ರೆ ಸಂಖ್ಯಾವಾಚಕ ಸರ್, ಐದು, ಆರು. ಆ ಲೆಕ್ಕದಿಂದ ಜನಾನೋ ವಸ್ತುನೋ ಗುರುತಿಸಿದ್ರೆ ಸಂಖ್ಯೇಯವಾಚಕ, ಐದನೆಯ, ಆರನೆಯ, ಇಬ್ಬರು. ಮೂಡಣ, ಪಡುವಣ ದಿಗ್ವಾಚಕ. ಅಷ್ಟು, ಇಷ್ಟು, ಹಲವು ಪರಿಮಾಣವಾಚಕ. ಎಲ್ಲಾನೂ ಹೇಳ್ಲಾ ಸರ್? ಉದಾಹರಣೆ ಸಮೇತ?”

“ಹೇಳವ್ವಾ ತಾಯಿ, ಹೇಳು!” ಎಂದರು ಮೇಷ್ಟ್ರು.

ದನಿ ಹೇಳುತ್ತಲೇ ಹೋಯಿತು. ಎಲ್ಲೂ ತಡವರಿಸಲಿಲ್ಲ. ಮಧ್ಯೆ ಯಾರೋ ಮಾತಾಡಿರಬೇಕು, “ಕಿವಿ ಇಲ್ಲಿ, ಬಾಯಿ ಆಮೇಲೆ!” ಎಂದು ಗದರಿತು. ಎ ವಿಭಾಗವೆಲ್ಲ ನಕ್ಕಿತು. ಪದಪದಕ್ಕೂ ಒತ್ತು ಕೊಡುವ ರೀತಿ, ವಾಕ್ಯದ ಕೊನೆಯಲ್ಲಿ ದನಿ ಎತ್ತುವ ರೀತಿ, ಆ ಸಿಡುಕು ಸಮೇತ ಟೀಚರಮ್ಮನದೇ.

“ಟೀಚರ್, ಅವಳಿಗೆ ಎಲ್ಲ ಬರುತ್ತೆ ಅಂತ ಆ ಕ್ಲಾಸಿಗೂ ಗೊತ್ತಾಗೋಯ್ತು!” ಎಂದ ಬುಲೆಟ್.

ಟೀಚರಮ್ಮ ನಿಧಾನವಾಗಿ ಅವನ ಕಡೆ ತಿರುಗಿದರು. “ಆ ಕ್ಲಾಸಿಗೂ? ಅಂದ್ರೆ?”

ಬುಲೆಟ್ ನಾಲಿಗೆ ಕಚ್ಚಿಕೊಂಡ. ಕನ್ನಡಕದ ಹುಡುಗಿ ಎದ್ದು ನಿಂತಳು. “ಪರೀಕ್ಷೆಗೆ ಮುಂಚೆ ನಮಗೆಲ್ಲ ನಲ್ಲಿ ಹತ್ರ ಕೂರಿಸ್ಕೊಂಡು ಹೇಳ್ಕೊಡೋದೇ ಅವಳು ಟೀಚರ್. ನೀವು ಕ್ಲಾಸಲ್ಲಿ ಹೇಳಿದ್ದನ್ನೇ, ಒಂದಕ್ಷರ ಬಿಡದೆ.”

“ಮತ್ತೆ ಅವಳ ಪೇಪರ್ ಅರ್ಧ ಖಾಲಿ ಇರ್ತಿತ್ತಲ್ಲೇ? ನಾನು ಕೇಳಿದ್ರೆ ಒಂದು ಮಾತು ಆಡ್ತಿರ್ಲಿಲ್ವಲ್ಲೇ?”

ಹುಡುಗಿ ಕನ್ನಡಕ ಸರಿಮಾಡಿಕೊಂಡಳು. ಹೇಳಲೋ ಬೇಡವೋ ಎಂಬಂತೆ ಒಮ್ಮೆ ಬುಲೆಟ್‌ನ ಕಡೆ ನೋಡಿದಳು.

“ಮೊದಲ್ನೇ ಪರೀಕ್ಷೇಲಿ ಅವಳು ಎಲ್ಲ ಸರಿ ಬರೆದಿದ್ಲು ಟೀಚರ್. ನೀವು ಎಲ್ಲರ ಮುಂದೆ ಅವಳನ್ನ ಎಬ್ಬಿಸಿ, ‘ಯಾರನ್ನ ನೋಡಿ ಬರೆದೆ?’ ಅಂತ ಕೇಳಿದ್ರಿ.”

ಕೇಳಿದ್ದರು. ಪಕ್ಷಪಾತವೆಂದು ಯಾರೂ ಅನ್ನಬಾರದೆಂದು ಕೇಳಿದ್ದರು. ಕೇಳಿ, ಮುಂದಿನ ಕಾಗದ ಕೈಗೆತ್ತಿಕೊಂಡು, ಅದನ್ನು ಅಲ್ಲಿಯೇ ಮರೆತಿದ್ದರು. ಕೇಳಿಸಿಕೊಂಡವಳು ಮರೆತಿರಲಿಲ್ಲ. ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಟೀಚರಮ್ಮನ ಕೈಯ ಸೀಮೆಸುಣ್ಣ ಪುಡಿಯಾಯಿತು. ಬಯ್ಯೋಣವೆಂದರೆ ಈ ಸಲ ಬೇರೆ ಯಾರೂ ಸಿಗಲಿಲ್ಲ.

ಆಚೆ ಚಪ್ಪಾಳೆ ಬಿತ್ತು. ದನಿ ಮತ್ತೆ ಶುರುವಾಯಿತು. ಈಗ ಭಾವನಾಮ.

“ಟೀಚರ್, ಗಲಾಟೆ ಜಾಸ್ತಿ ಆಗ್ತಿದೆ. ಹೋಗಿ ಹೇಳಿ ಬರ್ಲಾ?” ಎಂದು ಬುಲೆಟ್ ಎದ್ದ.

“ಕೂತ್ಕೊಳೋ,” ಎಂದರು ಟೀಚರಮ್ಮ. ಬೆಂಚುಗಳ ನಡುವೆ ನಡೆದು ಹಲಗೆಯ ಗೋಡೆಯ ಹತ್ತಿರ ಹೋಗಿ ನಿಂತರು. ಕಣ್ಣೊರೆಸಿಕೊಂಡರು, ಕೆನ್ನೆಗೆಲ್ಲ ಸೀಮೆಸುಣ್ಣವಾಯಿತು. “ಯಾರೂ ಪಿಟಕ್ ಅನ್ಬಾರ್ದು. ಪಾಠ ನಡೀತಿದೆ.”